ಔಟ್ ಅಂತ ತಾನೇ ಹೊರಗೆ ಬಂದ ಹುಡುಗಿಗೆ ಯಾರೂ ಏನೂ ಹೇಳಲಿಲ್ಲ

ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರಿಗೆ, ಪಿ.ಟಿ. ಮೇಷ್ಟ್ರುಗಳಿಗೆ, ಪಿ.ಟಿ. ಟೀಚರ್‌ಗಳಿಗೆ,

ನಮಸ್ಕಾರ.

ಮಕ್ಕಳ ಪಂದ್ಯಕ್ಕೆ ಅಂಪೈರ್ ಬೇಕು ಅಂದಾಗ ಕೈ ಎತ್ತುವ ಪೋಷಕರಲ್ಲಿ ನಾನೂ ಒಬ್ಬ. ಸುಣ್ಣದ ಗೆರೆ ಎಳೆಯುವುದು, ಸೀಟಿ ಊದುವುದು, ಓಟದ ಕೊನೆಯಲ್ಲಿ ದಾರ ಹಿಡಿದು ನಿಲ್ಲುವುದು, ಇಷ್ಟೇ ನನ್ನ ಕೆಲಸ. ದೊಡ್ಡ ಆಟಗಾರನೇನೂ ಅಲ್ಲ. ಆದರೆ ಅಂಪೈರ್ ನಿಲ್ಲುವ ಜಾಗದಿಂದ ಮಕ್ಕಳ ಮುಖ ಹತ್ತಿರದಿಂದ ಕಾಣುತ್ತದೆ. ಅಲ್ಲಿ ಕಂಡದ್ದನ್ನು ನಿಮಗೆ ಹೇಳೋಣ ಅಂತ ಈ ಪತ್ರ.

ಯಾವ ಕ್ರೀಡಾಕೂಟದ ಉದ್ಘಾಟನೆಗೆ ಹೋದರೂ ಒಂದು ಮಾತು ಕೇಳಿಯೇ ಕೇಳುತ್ತೇವೆ: ಸೋಲು ಗೆಲುವು ಮುಖ್ಯ ಅಲ್ಲ, ಭಾಗವಹಿಸುವುದು ಮುಖ್ಯ. ಮೈಕ್ ಮುಂದೆ ಇದನ್ನು ಹೇಳಿದವರೇ ಸಂಜೆ ಗೆದ್ದವರನ್ನು ಮಾತ್ರ ವೇದಿಕೆಗೆ ಕರೆದು ಕಪ್ ಕೊಡುತ್ತಾರೆ. ಮಕ್ಕಳು ದಡ್ಡರಲ್ಲ, ಅಲ್ವಾ? ಬೆಳಗ್ಗೆ ಕೇಳಿದ್ದು ಯಾವುದು, ಸಂಜೆ ಕಂಡದ್ದು ಯಾವುದು ಅಂತ ಅವರಿಗೆ ಗೊತ್ತಾಗುತ್ತದೆ.

ನನ್ನ ದೂರು ಕಪ್ಪಿನ ಮೇಲಲ್ಲ. ಕ್ರೀಡಾ ಮನೋಭಾವ ಅನ್ನುವುದನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಕಲಿಸುವುದಿಲ್ಲ. ಕ್ಯಾಚ್ ಹಿಡಿಯುವುದನ್ನು ನೀವು ಹೇಗೆ ಕಲಿಸುತ್ತೀರಿ ನೋಡಿ. ಎರಡೂ ಕೈ ಸೇರಿಸು, ಕಣ್ಣು ಚೆಂಡಿನ ಮೇಲಿರಲಿ, ಬಿಟ್ಟರೆ ಪರವಾಗಿಲ್ಲ, ಮತ್ತೆ ಹಾಕುತ್ತೇನೆ. ಎಷ್ಟು ಸಲ ಬಿಟ್ಟರೂ ಬೈಯುವುದಿಲ್ಲ. ಸೋತಾಗ ಏನು ಮಾಡಬೇಕು, ಗೆದ್ದಾಗ ಹೇಗಿರಬೇಕು, ಚೆಂಡು ತಾಗಿದ್ದು ತನಗೆ ಮಾತ್ರ ಗೊತ್ತಿದ್ದಾಗ ಏನು ಮಾಡಬೇಕು ಅನ್ನುವುದನ್ನು ಇಷ್ಟೇ ತಾಳ್ಮೆಯಿಂದ ಯಾರು ಕಲಿಸುತ್ತಾರೆ? ಅದು ಮಗುವಿಗೆ ಹುಟ್ಟುತ್ತಲೇ ಬಂದಿರಬೇಕು ಅಂದುಕೊಂಡಿದ್ದೇವೆ. ಬಂದಿಲ್ಲದಿದ್ದರೆ ಬೈಗುಳ.

ಒಂದು ಆಟದ ವಿಷಯ ಹೇಳುತ್ತೇನೆ. ಮೂರನೇ ಕ್ಲಾಸಿನ ಮಕ್ಕಳು. ದೊಡ್ಡ ಸುತ್ತು ಹಾಕಿ ಒಂದು ತಂಡ ಒಳಗೆ, ಇನ್ನೊಂದು ಹೊರಗೆ. ಹೊರಗಿನವರು ಎಸೆದ ಚೆಂಡು ತಾಗಿದವರು ಔಟ್. ಕೊನೆಗೆ ಒಳಗೆ ಇಬ್ಬರೇ ಉಳಿದಿದ್ದರು. ಒಂದು ಚೆಂಡು ಒಬ್ಬ ಹುಡುಗಿಯ ಪಕ್ಕದಲ್ಲೇ ಹಾದುಹೋಯಿತು. ನನಗೆ ತಾಗಿದ ಹಾಗೆ ಕಾಣಲಿಲ್ಲ, ಸೀಟಿ ಊದಲಿಲ್ಲ. ಹುಡುಗಿ ಒಂದು ಕ್ಷಣ ನಿಂತಳು. ತನ್ನ ಅಂಗಿಯ ತುದಿ ನೋಡಿಕೊಂಡಳು, ನನ್ನನ್ನು ನೋಡಿದಳು, ಆಮೇಲೆ ಸುಮ್ನೆ ಗೆರೆ ದಾಟಿ ಹೊರಗೆ ಬಂದಳು. ಅವಳ ತಂಡದವರು ಮೈಮೇಲೆ ಬಿದ್ದರು. "ಅಂಪೈರ್ ನೋಡ್ಲೇ ಇಲ್ಲ, ನೀನ್ಯಾಕೆ ಬಂದೆ?" ಉಳಿದ ಒಬ್ಬ ಹುಡುಗ ಮರು ಎಸೆತಕ್ಕೇ ಔಟಾದ. ಆ ಸುತ್ತು ಸೋತರು. ಮೇಷ್ಟ್ರು ಗೆದ್ದವರಿಗೆ ಚಪ್ಪಾಳೆ ಹೊಡೆಸಿ ಮುಂದಿನ ಸುತ್ತಿಗೆ ಸೀಟಿ ಕೊಡಿ ಅಂದರು.

ಮುಂದಿನ ಸುತ್ತಿನಲ್ಲಿ ಅದೇ ಹುಡುಗಿಯ ಶೂಗೆ ಚೆಂಡು ಠಪ್ ಅಂತ ಬಡಿಯಿತು. ಎಲ್ಲರಿಗೂ ಕೇಳಿಸಿತು. ಅವಳು ಕದಲಲಿಲ್ಲ. ನಾನು ಔಟ್ ಅಂದರೆ "ನೆಲಕ್ಕೆ ಬಿದ್ದು ಬಂತು ಅಂಕಲ್" ಅಂತ ವಾದಕ್ಕೆ ನಿಂತಳು.

ಆ ಮಗು ಪಾಠ ಕಲಿಯಲು ಹತ್ತು ನಿಮಿಷ ಕೂಡ ಬೇಕಾಗಲಿಲ್ಲ. ಕಲಿಸಿದ್ದು ಅವಳ ಗೆಳೆಯರು. ಅದನ್ನು ಪಕ್ಕಾ ಮಾಡಿದ್ದು ಸುತ್ತ ನಿಂತಿದ್ದ ದೊಡ್ಡವರ ಮೌನ.

ಆಗ ಏನು ಹೇಳಬೇಕಿತ್ತು? ಎಲ್ಲರನ್ನೂ ನಿಲ್ಲಿಸಿ, ಅವಳನ್ನು ಮುಂದೆ ಕರೆದು, ಸತ್ಯಹರಿಶ್ಚಂದ್ರನ ಮೊಮ್ಮಗಳು ಅಂತ ಹೊಗಳುವುದು ಬೇಡ. ಆ ವಯಸ್ಸಿಗೆ ಅದು ಮುಜುಗರ. ಜೊತೆಗೆ, ನಾಳೆ ಇನ್ನೊಂದು ಮಗು ಚಪ್ಪಾಳೆಗೋಸ್ಕರ ತಾಗದ ಚೆಂಡಿಗೂ ಔಟಾಗಿ ಬರುತ್ತದೆ. ಇಂಥವರನ್ನೂ ನೋಡಿದ್ದೇನೆ, ನಗು ಬರುತ್ತದೆ. ಅವಳು ಪಕ್ಕದಲ್ಲಿ ಹಾದುಹೋಗುವಾಗ "ತಾಗಿದ್ದು ನನಗೆ ಕಾಣಲಿಲ್ಲ, ನೀನು ಹೇಳಿದ್ದಕ್ಕೆ ಆಟ ಸರಿಯಾಗಿ ನಡೆಯಿತು" ಅಂದರೆ ಸಾಕಿತ್ತು. ಅವಳ ತಂಡಕ್ಕೆ "ಅವಳಿಂದ ಸೋತಿಲ್ಲ, ಚೆಂಡು ತಾಗಿದ್ದರಿಂದ ಔಟಾಗಿದ್ದಾಳೆ" ಅಂತ ಒಂದು ಮಾತು. ಎರಡೂ ಸೇರಿ ಅರ್ಧ ನಿಮಿಷದ ಕೆಲಸ. ಆದರೆ ಆಗಿಂದಾಗಲೇ ಆಗಬೇಕು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೇಳಿದರೆ ಅದು ಮತ್ತೆ ಭಾಷಣ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಸರಿಯಾಗಿ ಆಡಿದವರೇ ಕೊನೆಗೆ ಗೆಲ್ಲುತ್ತಾರೆ ಅಂತ ಮಕ್ಕಳಿಗೆ ಹೇಳಬೇಡಿ. ಅದು ನಿಜ ಅಲ್ಲ. 1980ರ ಫೆಬ್ರವರಿಯಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ಟೆಸ್ಟ್ ನಡೆಯಿತು. ಜಿ.ಆರ್. ವಿಶ್ವನಾಥ್ ಭಾರತದ ನಾಯಕ. ಇಂಗ್ಲೆಂಡಿನ ಐದು ವಿಕೆಟ್ ಬಿದ್ದು ತಂಡ ಕಷ್ಟದಲ್ಲಿತ್ತು. ಬಾಬ್ ಟೇಲರ್ ವಿಕೆಟ್ ಹಿಂದೆ ಕ್ಯಾಚ್ ಕೊಟ್ಟರು ಅಂತ ಅಂಪೈರ್ ಬೆರಳು ಎತ್ತಿಯೂ ಆಯಿತು. ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿದ ವಿಶ್ವನಾಥ್ ಟೇಲರ್ ಅವರನ್ನು ವಾಪಸ್ ಕರೆದರು. ಆಮೇಲೆ ಟೇಲರ್ ಮತ್ತು ಇಯಾನ್ ಬೋಥಮ್ ಜೊತೆಯಾಟ 171 ರನ್ ತನಕ ಬೆಳೆಯಿತು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಮಾಡಿದ್ದಕ್ಕೆ ಬೆಲೆ ತೆರಬೇಕಾಯಿತು. ಆ ಬೆಲೆಯನ್ನು ಮುಚ್ಚಿಟ್ಟು ಕತೆ ಹೇಳಿದರೆ ಕತೆಯಲ್ಲಿ ಏನೂ ಉಳಿಯುವುದಿಲ್ಲ. ಎಂಟು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ. ಅದರ ತಂಡ ಈಗಷ್ಟೇ ಸೋತಿದೆ ತಾನೇ?

ಕತೆ ಹೇಳಿದ ಮೇಲೆ ನೀತಿ ಹೇಳದೆ ಸುಮ್ಮನಿರುವುದು ಇನ್ನೂ ಒಳ್ಳೆಯದು. 2012ರ ಡಿಸೆಂಬರ್‌ನಲ್ಲಿ ಸ್ಪೇನಿನ ಬುರ್ಲಾಡಾ ಅನ್ನುವಲ್ಲಿ ಒಂದು ಕ್ರಾಸ್ ಕಂಟ್ರಿ ಓಟ. ಕೀನ್ಯಾದ ಏಬೆಲ್ ಮುಟಾಯ್ ಎಲ್ಲರಿಗಿಂತ ಮುಂದಿದ್ದರು. ಗುರಿ ಮುಟ್ಟಿದೆ ಅಂದುಕೊಂಡು ಗೆರೆಗೆ ಇನ್ನೂ ಸ್ವಲ್ಪ ದೂರ ಇರುವಾಗಲೇ ನಿಧಾನ ಮಾಡಿಬಿಟ್ಟರು. ಹಿಂದೆ ಬರುತ್ತಿದ್ದ ಇವಾನ್ ಫರ್ನಾಂಡಿಸ್ ಅನಾಯಾ ಆಗ ಮುಟಾಯ್ ಅವರನ್ನು ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ಇನ್ನೂ ಮುಂದೆ ಹೋಗಿ ಅಂತ ಕೈಸನ್ನೆ ಮಾಡಿ, ತಾವು ಎರಡನೆಯವರಾಗಿ ಬಂದರು. ಅವರ ಕೋಚ್‌ಗೆ ಇದು ಅಷ್ಟಾಗಿ ಹಿಡಿಸಲಿಲ್ಲ, ತಾವಾಗಿದ್ದರೆ ದಾಟಿ ಗೆಲ್ಲುತ್ತಿದ್ದೆ ಅಂದರು. ಇಷ್ಟು ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ನಾಲ್ಕನೇ ಕ್ಲಾಸಿನ ಮಕ್ಕಳನ್ನು ಕೇಳಿ ನೋಡಿ. ಕ್ಲಾಸು ಎರಡು ಪಾಲಾಗುತ್ತದೆ. ಆಗಲಿ. ಕೋಚ್ ಕಡೆ ನಿಂತ ಮಗುವನ್ನೂ ಪೂರ್ತಿ ಮಾತಾಡಲು ಬಿಡಿ.

ಒಂದು, ಎರಡನೇ ಕ್ಲಾಸಿನ ಪುಟಾಣಿಗಳ ವಿಷಯ ಬೇರೆ. ಅವರಿಗೆ ಮೋಸ ಅನ್ನುವ ಪದ ಬಳಸಲೇಬೇಡಿ ಅಂತ ಕೇಳಿಕೊಳ್ಳುತ್ತೇನೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅನ್ನುವ ಮನಶ್ಶಾಸ್ತ್ರಜ್ಞರು ಮಕ್ಕಳ ಜೊತೆ ಗೋಲಿ ಆಡಿದರು. ತನಗೆ ಆಟ ಮರೆತುಹೋಗಿದೆ, ಹೇಗೆ ಆಡುವುದು ಹೇಳಿಕೊಡಿ ಅಂತ ಮಕ್ಕಳನ್ನೇ ಕೇಳಿದರು. 1932ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದರು. ತೀರಾ ಚಿಕ್ಕವರು ಒಟ್ಟಿಗೆ ಆಡಿದರೂ ಒಬ್ಬೊಬ್ಬರದು ಒಂದೊಂದು ಆಟ. ಎಲ್ಲರೂ ಒಟ್ಟಿಗೇ ಗೆಲ್ಲಬಹುದು ಅಂತಲೇ ಅವರ ನಂಬಿಕೆ. ನಿಯಮ ಅಂದರೆ ದೊಡ್ಡವರು ಮಾಡಿಟ್ಟದ್ದು, ಬದಲಾಯಿಸುವ ಹಾಗಿಲ್ಲ ಅನ್ನುತ್ತಾರೆ. ಆಡುವಾಗ ಅದನ್ನೇ ಮುರಿಯುತ್ತಾರೆ, ಮುರಿದದ್ದು ಅವರಿಗೇ ಗೊತ್ತಿರುವುದಿಲ್ಲ. ಹತ್ತು ಹನ್ನೊಂದರ ಹೊತ್ತಿಗೆ, ನಿಯಮ ಅಂದರೆ ನಾವೆಲ್ಲ ಸೇರಿ ಒಪ್ಪಿಕೊಂಡದ್ದು, ಬೇಕಾದರೆ ಸೇರಿಯೇ ಬದಲಾಯಿಸಬಹುದು ಅನ್ನುವುದು ತಲೆಗೆ ಹತ್ತುತ್ತದೆ.

ಅಂದಮೇಲೆ ಆರು ವರ್ಷದ ಹುಡುಗ ಔಟಾದ ಮೇಲೂ ಮ್ಯೂಸಿಕಲ್ ಚೇರ್ ಸುತ್ತ ಓಡುತ್ತಿದ್ದರೆ ಅವನು ಕಳ್ಳ ಅಲ್ಲ. ಆಟ ಮುಗಿದದ್ದು ಅವನಿಗೆ ಇನ್ನೂ ಇಳಿದಿಲ್ಲ. ಅಕ್ಕಪಕ್ಕದ ಮಕ್ಕಳೇ ಇದನ್ನು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಬಿಟ್ಟು ಆಡುತ್ತಾರೆ. ಹಾಗೇ ಬಿಡಿ. ಅಂದಹಾಗೆ, ಒಬ್ಬೊಬ್ಬರೇ ಔಟಾಗಿ ಮೂಲೆಯಲ್ಲಿ ಕೂರುವ ಆಟಗಳನ್ನು ಈ ವಯಸ್ಸಿಗೆ ಕಡಿಮೆ ಮಾಡಿದರೆ ಒಳ್ಳೆಯದು. ಅಭ್ಯಾಸ ಜಾಸ್ತಿ ಬೇಕಾದ ಮಗುವೇ ಮೊದಲು ಔಟಾಗಿ ಸುಮ್ನೆ ಕೂತಿರುತ್ತದೆ.

ಇನ್ನು ಸೋತವರ ವಿಷಯ. ಸೋತ ಮಗು ಅತ್ತರೆ ತಪ್ಪೇನು? ಅಳಲಿ. ಅಳುವ ಮಗುವಿಗೆ "ಇಷ್ಟಕ್ಕೆಲ್ಲ ಅಳ್ತಾರಾ" ಅನ್ನುವುದರಿಂದ ಯಾವ ಪ್ರಯೋಜನವೂ ಇಲ್ಲ. ಬ್ಯಾಟ್ ಎಸೆಯುವುದು, ಜೊತೆಯವನನ್ನು ನೂಕುವುದು, "ನೀನು ಬಿಟ್ಟಿದ್ದಕ್ಕೇ ಸೋತಿದ್ದು" ಅನ್ನುವುದು, ಇವಕ್ಕೆ ಮಾತ್ರ ಬ್ರೇಕ್ ಹಾಕಬೇಕು. ಅಳುವುದಕ್ಕೂ ಎಸೆಯುವುದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿದರೆ ಮಕ್ಕಳು ಹಿಡಿದುಕೊಳ್ಳುತ್ತಾರೆ. ಪಂದ್ಯ ಮುಗಿದ ತಕ್ಷಣ ಆ ಮಗುವಿಗೆ ಮಾಡಲು ಒಂದು ಕೆಲಸ ಇರಬೇಕು. ನೀರು ಕುಡಿ, ಕೋನ್‌ಗಳನ್ನು ಎತ್ತಿಡು, ಆಮೇಲೆ ಬಂದು ಕೈ ಕುಲುಕು. ಸಿಟ್ಟು ಇಳಿಯಲು ಎರಡು ನಿಮಿಷವಾದರೂ ಬೇಡವೇ? ನಾವಾದರೋ ಕೊನೆಯ ಸೀಟಿ ಊದಿದ ತಕ್ಷಣ ಎರಡೂ ತಂಡಗಳನ್ನು ಎದುರುಬದುರು ಸಾಲು ನಿಲ್ಲಿಸಿ ಕೈ ತಟ್ಟಿಸುತ್ತೇವೆ. ಅಂಪೈರ್ ಹತ್ತಿರ ನಿಂತು ಕೇಳಿಸಿಕೊಳ್ಳಿ. "ಗುಡ್ ಗೇಮ್, ಗುಡ್ ಗೇಮ್, ಗುಡ್ ಗೇಮ್" ಅಂತ ಹೇಳುತ್ತಾ ಹೋಗುವ ಮಕ್ಕಳಲ್ಲಿ ಅರ್ಧ ಜನ ಎದುರಿಗಿರುವವರ ಮುಖ ನೋಡುವುದಿಲ್ಲ. ಕೆಲವರು ಬೇಕಂತಲೇ ಜೋರಾಗಿ ಹೊಡೆಯುತ್ತಾರೆ. ಒಬ್ಬ ಕೈ ಕೊಟ್ಟ ಹಾಗೆ ಮಾಡಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ಅದರ ಬದಲು ಒಂದು ಸಣ್ಣ ಬದಲಾವಣೆ ಮಾಡಿ ನೋಡಿ. ಪ್ರತಿ ಮಗುವೂ ಎದುರಾಳಿ ತಂಡದ ಒಬ್ಬರಿಗೆ ಅವರು ಆಡಿದ ಒಂದು ಒಳ್ಳೆ ಆಟವನ್ನು ಹೆಸರಿಟ್ಟು ಹೇಳಲಿ. ಚೆನ್ನಾಗಿ ಆಡಿದೆ ಅನ್ನುವುದು ಸಾಲದು. "ಎಡಗಾಲಿಂದ ಹೊಡೆದು ಗೋಲ್ ಮಾಡಿದೆಯಲ್ಲ, ಅದು", "ಬಿದ್ದ ಮೇಲೂ ಎದ್ದು ಓಡಿದೆಯಲ್ಲ, ಅದು". ಹೀಗೆ ಹೇಳಬೇಕಾದರೆ ಪಂದ್ಯದ ಉದ್ದಕ್ಕೂ ಎದುರಿನವರ ಆಟ ನೋಡಿರಬೇಕು. ಮೊದಲ ವಾರ ನಾಚಿಕೊಳ್ಳುತ್ತಾರೆ, ಗೊಣಗುತ್ತಾರೆ. ಆಮೇಲೆ ಎದುರಾಳಿ ಏನು ಹೇಳುತ್ತಾನೋ ಅಂತ ಕಾಯುತ್ತಾರೆ.

ಗೆದ್ದವರಿಗೆ ಕಲಿಸುವುದನ್ನು ನಾವು ಇನ್ನೂ ಜಾಸ್ತಿ ಮರೆತಿದ್ದೇವೆ. ಕ್ರೀಡಾ ಮನೋಭಾವದ ಬುದ್ಧಿಮಾತೆಲ್ಲ ಸೋತವರಿಗೇ. ಗೆದ್ದವರು ಕುಣಿಯಲಿ, ಕೂಗಲಿ, ಖುಷಿಪಡಲಿ. ಎದುರಿನವರ ಮುಖದ ಮುಂದೆ ಹೋಗಿ ಕುಣಿಯಬಾರದು, ಅಷ್ಟೇ ಗೆರೆ. ಸ್ಕೋರು ಒಂದೇ ಕಡೆಗೆ ಏರುತ್ತಾ ಹೋದರೆ ಪಂದ್ಯವನ್ನು ಹಾಗೇ ಎಳೆಯಬೇಡಿ. ಮಧ್ಯದಲ್ಲೇ ನಿಲ್ಲಿಸಿ ಇಬ್ಬರನ್ನು ಆಚೀಚೆ ಮಾಡಿ, ಇಲ್ಲವೇ ಗೆಲ್ಲುತ್ತಿರುವವರನ್ನೇ ಕೇಳಿ: ಆಟ ಮತ್ತೆ ಮಜಾ ಬರಬೇಕಾದರೆ ಏನು ಮಾಡೋಣ? ಎಂಥ ಉಪಾಯಗಳು ಬರುತ್ತವೆ ಗೊತ್ತಾ. ಎಡಗಾಲಲ್ಲಿ ಮಾತ್ರ ಒದೆಯುತ್ತೇವೆ, ಒಬ್ಬರನ್ನು ಅವರಿಗೆ ಕೊಡುತ್ತೇವೆ, ಗೋಲ್ ಮಾಡಿದವರು ಮತ್ತೆ ಗೋಲ್ ಮಾಡುವ ಹಾಗಿಲ್ಲ. ನಿಯಮ ನಮ್ಮದೇ, ಸೇರಿ ಬದಲಾಯಿಸಬಹುದು ಅಂತ ಪಿಯಾಜೆ ಗಮನಿಸಿದ್ದು ಇಲ್ಲಿ ಕಣ್ಣೆದುರೇ ನಡೆಯುತ್ತದೆ.

ತಂಡ ಮಾಡುವ ರೀತಿಯನ್ನೂ ಸ್ವಲ್ಪ ಯೋಚಿಸಿ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿಯಲ್ಲಿ ಕೊನೆಗೆ ಉಳಿಯುವ ಮಗು ಸಾಮಾನ್ಯವಾಗಿ ಒಂದೇ. "ಅವನು ನಿಮಗೇ ಇರಲಿ" ಅನ್ನುವ ಮಾತು ಅದರ ಎದುರಿಗೇ ಬರುತ್ತದೆ. ಇದಕ್ಕಿಂತ ಕೆಟ್ಟ ಕ್ರೀಡಾ ಮನೋಭಾವ ಇದೆಯೇ? ಅದೂ ಆಟ ಶುರುವಾಗುವ ಮೊದಲೇ. ನಂಬರ್ ಎಣಿಸಿ ತಂಡ ಮಾಡಿ, ಚೀಟಿ ಎತ್ತಿ, ಏನಾದರೂ ಮಾಡಿ. ಇದೊಂದನ್ನು ಮಾತ್ರ ನಾಳೆಯಿಂದಲೇ ನಿಲ್ಲಿಸಿ.

ವರ್ಷವಿಡೀ ಒಂದೇ ಹೌಸ್, ಒಂದೇ ಬಣ್ಣ, ಒಂದೇ ತಂಡ ಇಟ್ಟುಕೊಳ್ಳುವುದೂ ನನಗೆ ಅನುಮಾನವೇ. 1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮುಜಾಫರ್ ಶರೀಫ್ ಅನ್ನುವ ಮನಶ್ಶಾಸ್ತ್ರಜ್ಞರ ತಂಡ ಸುಮಾರು 11 ವರ್ಷದ ಹುಡುಗರನ್ನು ಒಂದು ಶಿಬಿರದಲ್ಲಿ ಎರಡು ಗುಂಪು ಮಾಡಿ, ಬಹುಮಾನ ಇಟ್ಟು ಪಂದ್ಯ ಆಡಿಸಿತು. ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಒಬ್ಬರ ಕ್ಯಾಬಿನ್ ಮೇಲೆ ಇನ್ನೊಬ್ಬರು ದಾಳಿ ಮಾಡಿದರು. ಸುಮ್ನೆ ಒಟ್ಟಿಗೆ ಕೂರಿಸಿದ್ದರಿಂದ ಜಗಳ ಕಡಿಮೆಯಾಗಲಿಲ್ಲ. ಶಿಬಿರದ ನೀರು ನಿಂತುಹೋದಾಗ ಇಬ್ಬರೂ ಸೇರಿ ದುರಸ್ತಿ ಮಾಡಬೇಕಾಯಿತು. ಇಂಥ ಕೆಲಸಗಳಿಂದ ನಿಧಾನಕ್ಕೆ ತಣ್ಣಗಾದರು. ಕೆಂಪು ಹೌಸಿನವರು ಹಳದಿ ಹೌಸಿನವರ ಜೊತೆ ಒಂದೇ ತಂಡದಲ್ಲಿ ಆಡುವ ದಿನಗಳೂ ಇರಲಿ ಅಂತ ಅದಕ್ಕೇ ಹೇಳುತ್ತಿದ್ದೇನೆ.

ಹೊಗಳುವುದರಲ್ಲೂ ಒಂದು ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಐದನೇ ಕ್ಲಾಸಿನ ಮಕ್ಕಳಿಗೆ ಚಿತ್ರದ ಒಗಟು ಕೊಟ್ಟು, ಕೆಲವರಿಗೆ ನೀನು ಜಾಣ ಅಂದರು, ಕೆಲವರಿಗೆ ಕಷ್ಟಪಟ್ಟಿದ್ದೀಯ ಅಂದರು. ಆಮೇಲೆ ಕಷ್ಟದ ಒಗಟು ಕೊಟ್ಟರು. ಎಷ್ಟು ಅಂಕ ಬಂತು ಅಂತ ಬೇರೆ ಶಾಲೆಯ ಮಕ್ಕಳಿಗೆ ಬರೆಯಿರಿ ಅಂದಾಗ, ಜಾಣ ಅನ್ನಿಸಿಕೊಂಡವರಲ್ಲಿ ಸುಮಾರು 10ಕ್ಕೆ 4 ಮಕ್ಕಳು ಸುಳ್ಳು ಅಂಕ ಬರೆದರು. ಕಷ್ಟಪಟ್ಟೆ ಅನ್ನಿಸಿಕೊಂಡವರಲ್ಲಿ ಸುಳ್ಳು ಬರೆದವರು ಅದಕ್ಕಿಂತ ತುಂಬಾ ಕಡಿಮೆ. ಮೈದಾನದಲ್ಲೂ ಹೀಗೇ ಆಗುತ್ತದೆ ಅಂತ ನನ್ನ ಅಂದಾಜು. ನೀನೇ ನಮ್ಮ ಚಾಂಪಿಯನ್ ಅಂತ ದಿನಾ ಹೇಳಿಸಿಕೊಳ್ಳುವ ಹುಡುಗನಿಗೆ ಔಟ್ ಅಂತ ಒಪ್ಪಿಕೊಳ್ಳುವುದು ಎಲ್ಲರಿಗಿಂತ ಕಷ್ಟ. ಒಪ್ಪಿಕೊಂಡರೆ ಹೋಗುವುದು ಅವನ ಆಟ ಮಾತ್ರವಲ್ಲ, ಹೆಸರು ಕೂಡ.

ಹಾಗಂತ ಎಲ್ಲರಿಗೂ ಮೆಡಲ್ ಕೊಡಿ ಅನ್ನುವವನು ನಾನಲ್ಲ. ನಾರ್ವೆ ದೇಶದಲ್ಲಿ ಮಕ್ಕಳ ಕ್ರೀಡೆಗೆ ಕಟ್ಟುನಿಟ್ಟಾದ ನಿಯಮಗಳಿವೆ. 11 ವರ್ಷದ ತನಕ ಯಾರು ಎಷ್ಟನೆಯವರು ಅನ್ನುವ ಪಟ್ಟಿ ಹಾಕುವ ಹಾಗಿಲ್ಲ. ಬಹುಮಾನ ಕೊಡುವುದಾದರೆ ಎಲ್ಲರಿಗೂ ಕೊಡಬೇಕು. ಪಟ್ಟಿ ಹಾಕಬಾರದು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಎಲ್ಲರಿಗೂ ಬಹುಮಾನ ಅನ್ನುವುದು ನನಗೆ ಅಷ್ಟು ಒಪ್ಪಿಗೆ ಇಲ್ಲ. ನೀವು ಸ್ಕೋರ್ ಬರೆಯದಿದ್ದರೂ ಮಕ್ಕಳು ಬೆರಳು ಮಡಚಿ ಲೆಕ್ಕ ಇಟ್ಟಿರುತ್ತಾರೆ. ಅವರು ಸೋಲಲಿ, ಆದರೆ ಆ ಸೋಲು ಸಣ್ಣದಿರಲಿ. ವರ್ಷಕ್ಕೊಮ್ಮೆ ಇಡೀ ಶಾಲೆಯ ಮುಂದೆ, ಅಪ್ಪ ಅಮ್ಮನ ಮುಂದೆ ಸೋಲುವುದಕ್ಕಿಂತ ವಾರದಲ್ಲಿ ಹತ್ತಾರು ಸಲ ಐದೈದು ನಿಮಿಷದ ಆಟಗಳಲ್ಲಿ ಸೋತು, ಗೆದ್ದು, ಮತ್ತೆ ಸೋತರೆ ಅದು ಅಭ್ಯಾಸವಾಗುತ್ತದೆ. ಉತ್ತಮ ಕ್ರೀಡಾ ಮನೋಭಾವಕ್ಕೆ ಒಂದು ಕಪ್ ಅಂತ ಕೊಡುತ್ತೀರಲ್ಲ, ಅದನ್ನು ಬಿಟ್ಟರೂ ನಡೆಯುತ್ತದೆ. ಹೆಚ್ಚಿನ ಕಡೆ ಅದು ಏನೂ ಗೆಲ್ಲದ ಮಗುವಿಗೆ ಹೋಗುವ ಸಮಾಧಾನದ ಬಹುಮಾನ. ಮಕ್ಕಳಿಗೂ ಅದು ಗೊತ್ತು.

ನಾಲ್ಕು, ಐದನೇ ಕ್ಲಾಸಿನವರಿಗೆ ಅಂಪೈರ್ ಇಲ್ಲದೆ ಆಡಲು ಬಿಡಿ. ನನ್ನಂಥವನಿಗೆ ಕೆಲಸ ಹೋದರೂ ಸರಿ. ಅಲ್ಟಿಮೇಟ್ ಅಂತ ಒಂದು ಆಟ ಇದೆ, ಫ್ರಿಸ್ಬೀ ತಟ್ಟೆ ಎಸೆದು ಆಡುವುದು. 1968ರಲ್ಲಿ ಅಮೆರಿಕದ ನ್ಯೂ ಜೆರ್ಸಿಯ ಹೈಸ್ಕೂಲ್ ಮಕ್ಕಳು ಶುರುಮಾಡಿದ್ದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಅದಕ್ಕೆ ರೆಫರಿ ಇಲ್ಲ. ಫೌಲ್ ಆಯಿತು ಅಂತ ಆಟಗಾರನೇ ಕೂಗಬೇಕು, ಎದುರಿನವನು ಒಪ್ಪಬೇಕು, ಇಲ್ಲದಿದ್ದರೆ ಇಬ್ಬರೂ ಮಾತಾಡಿ ಬಗೆಹರಿಸಬೇಕು. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಒಂದಕ್ಕೊಂದು ಅಂಕ ಕೊಡುತ್ತವೆ: ನಿಯಮ ಗೊತ್ತಿತ್ತೇ, ಮೈಗೆ ಮೈ ತಾಗಿಸಿದರೇ, ನ್ಯಾಯವಾಗಿ ನಡೆದುಕೊಂಡರೇ, ಸಿಟ್ಟು ಹಿಡಿತದಲ್ಲಿತ್ತೇ, ಮಾತು ಹೇಗಿತ್ತು. ಒಂದೊಂದಕ್ಕೆ 0ಯಿಂದ 4. ಇದನ್ನೇ ಸಣ್ಣದು ಮಾಡಿ ನಿಮ್ಮ ಶಾಲೆಯ ಯಾವ ಆಟಕ್ಕೆ ಬೇಕಾದರೂ ಹಾಕಬಹುದು. ಮೊದಮೊದಲು ಆಟಕ್ಕಿಂತ ಜಗಳವೇ ಜಾಸ್ತಿ ನಡೆಯುತ್ತದೆ. ನೀವು ಮಧ್ಯೆ ಹೋಗಬೇಡಿ, ಹೊಡೆದಾಟ ಆದರೆ ಮಾತ್ರ ಹೋಗಿ. ಜಗಳ ಮುಗಿಯದಿದ್ದರೆ ಆಟದ ಪೀರಿಯಡ್ ಮುಗಿದುಹೋಗುತ್ತದೆ. ಆ ಭಯವೇ ಅವರನ್ನು ಬೇಗ ರಾಜಿ ಮಾಡಿಸುತ್ತದೆ.

ಕೊನೆಗೆ ನಮ್ಮ ವಿಷಯ, ಅಂದರೆ ಪೋಷಕರದು. ಗೆರೆಯ ಪಕ್ಕ ನಿಂತು "ಹೊಡಿಯೋ, ಬಿಡಬೇಡ", "ಅಂಪೈರ್‌ಗೆ ಕಣ್ಣಿಲ್ವಾ" ಅಂತ ಕೂಗುವವರು ನಾವೇ. ಮಗು ಚೆಂಡು ನೋಡುವುದು ಬಿಟ್ಟು ಅಪ್ಪನ ಮುಖ ನೋಡುತ್ತದೆ. ಇಂಗ್ಲೆಂಡಿನಲ್ಲಿ ಮಕ್ಕಳ ಫುಟ್‌ಬಾಲ್‌ಗೆ ಮೌನದ ವಾರಾಂತ್ಯ ಅಂತ ಮಾಡಿ, ನೋಡುವವರು ಚಪ್ಪಾಳೆ ಹೊಡೆಯಬಹುದು, ಕೂಗುವ ಹಾಗಿಲ್ಲ ಅಂತ ಇಟ್ಟಿದ್ದರು. ಒಂದು ಪಂದ್ಯಕ್ಕಾದರೂ ಮಾಡಿ ನೋಡಿ. ಮಕ್ಕಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು ಆಗ ಕೇಳಿಸುತ್ತದೆ. ಇನ್ನೊಂದು ಶಾಲೆಯ ಮೇಷ್ಟ್ರ ಜೊತೆ ತೀರ್ಪಿನ ಬಗ್ಗೆ ಮಾತಾಡಬೇಕಾದಾಗ ನೀವೂ ಸ್ವಲ್ಪ ದನಿ ತಗ್ಗಿಸಿ. ಇಡೀ ತಂಡ ನಿಮ್ಮ ಹಿಂದೆಯೇ ನಿಂತು ಕೇಳಿಸಿಕೊಳ್ಳುತ್ತಿರುತ್ತದೆ.

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ, ವಾರಕ್ಕೆ ಸಿಗುವುದೇ ಒಂದೋ ಎರಡೋ ಪೀರಿಯಡ್, ಅದನ್ನೂ ಗಣಿತದವರು ಕಿತ್ತುಕೊಳ್ಳುತ್ತಾರೆ ಅಂತ ನೀವು ಹೇಳುತ್ತೀರಿ. ಗೊತ್ತು. ಅದಕ್ಕೇ ಮುಖ್ಯ ಶಿಕ್ಷಕರಿಗೂ ಸೇರಿಸಿ ಬರೆಯುತ್ತಿದ್ದೇನೆ. ಆಟವಾಡುವುದು ಮಗುವಿನ ಹಕ್ಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲೇ ಇದೆ. ಆ ಪೀರಿಯಡ್ ಮುಟ್ಟಬೇಡಿ. ಅದರ ಕೊನೆಯ ಐದು ನಿಮಿಷವನ್ನು ಮಾತಿಗೆ ಬಿಟ್ಟುಕೊಡಿ. ಪಿ.ಟಿ. ಮೇಷ್ಟ್ರು ಏನು ಕಲಿಸಿದರು ಅಂತ ನೋಡುವಾಗ ಎಷ್ಟು ಕಪ್ ತಂದರು ಅನ್ನುವುದರ ಜೊತೆ ಇದನ್ನೂ ಕೇಳಿ.

ಮುಂದಿನ ಪೋಷಕರ ಸಭೆಯಲ್ಲಿ ಹತ್ತು ನಿಮಿಷ ಕೊಟ್ಟರೆ ಗೆರೆಯ ಪಕ್ಕ ಏನು ಕೂಗಬಾರದು ಅನ್ನುವುದನ್ನು ನಾನೇ ಹೇಳುತ್ತೇನೆ. ನೀವು ಹೇಳಿದರೆ ಅವರಿಗೆ ಬೇಜಾರಾಗಬಹುದು. ಇನ್ನೊಬ್ಬ ಪೋಷಕ ಹೇಳಿದರೆ ಬೈದುಕೊಂಡಾದರೂ ಕೇಳುತ್ತಾರೆ.

ಇಂತಿ,
ಮಕ್ಕಳ ಆಟಕ್ಕೆ ಸೀಟಿ ಊದುವ ಒಬ್ಬ ಪೋಷಕ